ಆಯುಧಪೂಜೆಯ ಬಾತು

ಸೇಡು ತೀರಿಸಿಕೊಂಡೆ ಅಂತ ಬಾಯಿಬಿಟ್ಟು ಹೇಳಿದ್ರೆ ಜನ ಮುಖ ಹಿಂಡ್ತಾರೆ. ಹಿಂಡಲಿ. ನಾನು ಸೇಡು ತೀರಿಸಿಕೊಂಡಿದ್ದೀನಿ. ಅದೂ ಒಂದು ಸತ್ತ ಬಾತುಕೋಳಿಯಿಂದ, ಮೈಕು, ಬ್ಯಾನರು, ಹಾರ ಎಲ್ಲ ಇದ್ದ ತುಂಬಿದ ಸಭೇಲಿ. ಇವತ್ತಿಗೂ ನೆನೆಸಿಕೊಂಡ್ರೆ ಹೊಟ್ಟೆ ತಣ್ಣಗಾಗುತ್ತೆ.

ಹುಣಸೂರಿನ ಒಂದು ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಲ್ಲೇ ಓದಿದೋಳು, ಅಲ್ಲೇ ಪಾಠ ಮಾಡೋಕೆ ಸೇರಿಕೊಂಡೆ. ನಮ್ಮೂರು ಕಂಪಲಾಪುರದ ಹತ್ತಿರ; ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಓಡಾಟ. ಅತಿಥಿಗಳ ಪಾಡು ಗೊತ್ತಲ್ಲ, ಪ್ರತಿ ವರ್ಷ ಕಾಲೇಜು ಶುರುವಾಗೋ ಹೊತ್ತಿಗೆ ಮತ್ತೆ ಕರೀತಾರೋ ಇಲ್ವೋ ಅಂತ ಉಗುರು ಕಚ್ಚಿಕೊಂಡು ಕೂತಿರಬೇಕು.

ನಮ್ಮ ಲ್ಯಾಬಿನ ಪಕ್ಕ ಒಂದು ಮ್ಯೂಸಿಯಂ ಕೋಣೆ ಇತ್ತು. ಕೊಡಗಿನ ಕಡೆಯ ಯಾವುದೋ ತೋಟದ ಮನೆಯವರು ತಮ್ಮ ತಾತನ ಕಾಲದ ಶಿಕಾರಿಯ ಹಕ್ಕಿಗಳನ್ನ ಬೀರುಗಳ ಸಮೇತ ಕಾಲೇಜಿಗೆ ಕೊಟ್ಟಿದ್ರಂತೆ. ಚರ್ಮ ಸುಲಿದು, ಒಳಗೆ ಪಾಷಾಣ ಸವರಿ, ಹತ್ತಿ ತುಂಬಿ ಹೊಲಿದ ಹಕ್ಕಿಗಳು. ಅವುಗಳ ಕಾಲಿಗೆ ಕಟ್ಟಿದ್ದ ಚೀಟಿಗಳನ್ನ ಹುಳ ತಿಂದು ಹಾಕಿದ್ವು. ಯಾವುದು ಯಾವ ಹಕ್ಕಿ ಅಂತ ಹೇಳೋರೇ ಇರಲಿಲ್ಲ. ಆ ಕೆಲಸಕ್ಕೆ ನಾನು ಕೈ ಹಾಕಿದೆ. ಭೂಮಿ ಮೇಲಿಂದಲೇ ಅಳಿದುಹೋದ ಹಕ್ಕಿಗಳು ಕೆಲವು ಸಲ ಇಂಥ ಹಳೇ ಬೀರುಗಳಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರ್ತವೆ. ಒಂದಾದರೂ ಸಿಗಬಹುದು ಅನ್ನೋ ಆಸೆ ನನಗೆ.

ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದೆ. ಕೊಕ್ಕು ಅಳೆಯೋದು, ಮುಚ್ಚಿದ ರೆಕ್ಕೆಯನ್ನ ಸೂಜಿ ಮೊನೇಲಿ ಮೆಲ್ಲಗೆ ಎತ್ತಿ ಒಳಗಿನ ಗರಿ ನೋಡೋದು, ಬಾಲದ ಗರಿ ಲೆಕ್ಕ ಹಾಕೋದು. ಸತ್ತ ಹಕ್ಕಿಯ ಕೊಕ್ಕು ಕಾಲುಗಳ ಬಣ್ಣ ನಂಬಬಾರದು. ಮೊದಲು ಹೋಗೋದೇ ಅದು, ಆಮೇಲೆ ಯಾರೋ ಬಂದು ಪೇಂಟು ಬಳಿದಿರ್ತಾರೆ. ನಂಬಬೇಕಾದ್ದು ಗರಿಯನ್ನ. ಕೈಗೆ ಗ್ಲೌಸು ಹಾಕಿದ್ರೂ ಮುಂಗೈಯೆಲ್ಲ ನವೆ. ಮನೆಗೆ ಹೋದ್ರೆ ಅವ್ವ ಬಾಗಿಲಲ್ಲೇ ತಡೆದು, "ಆ ಇಸ ಸವರಿದ್ ಹಕ್ಕಿ ಮುಟ್ಟಿ ಅಂಗೇ ಒಲೆ ತಾವ ಬರಬ್ಯಾಡ ಕಣೆ, ಮೊದ್ಲು ನೀರುಯ್ಕೋ" ಅನ್ನೋಳು. ಬೈದರೂ ಆಮೇಲೆ ಫೋನಿನಲ್ಲಿ ಫೋಟೋ ನೋಡೋಕೆ ಬರೋಳು. ರಣಹದ್ದಿನ ಫೋಟೋ ನೋಡಿ, "ಅಯ್ಯೋ, ಸತ್ ದನ ಎಳ್ದಾಕಿದ್ ಜಾಗಕ್ಕೆ ಇಳಿಯವು ಕಣೆ ಇವು. ಈಗ ಎಲ್ಲವ್ವ?" ಅಂತ ಫೋಟೋನ ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ಲು.

ಹೀಗೆ ಒಂದೊಂದೇ ಹಕ್ಕಿಗೆ ಹೆಸರು ಹಚ್ಚಿದೆ. ಅಳಿದುಹೋದ ಹಕ್ಕಿ ಒಂದೂ ಸಿಗಲಿಲ್ಲ, ಬೇಜಾರೇನೂ ಆಗಲಿಲ್ಲ. ಬರೆದಿದ್ದನ್ನೆಲ್ಲ ಜೋಡಿಸಿ, ಫೋಟೋ ಸೇರಿಸಿ ನಮ್ಮ ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟೆ. ಅವರು ವರ್ಗವಾಗಿ ನಮ್ಮ ಕಾಲೇಜಿಗೆ ಬಂದೋರು. ಯಾರಾದ್ರೂ ದೊಡ್ಡೋರು ಬಂದ್ರೆ ತೋರಿಸೋಕೆ ಬಿಟ್ರೆ ಆ ಕೋಣೆಗೆ ಕಾಲಿಟ್ಟೋರಲ್ಲ. "ಭೇಷ್ ಕಣಮ್ಮ, ಪುಸ್ತಕ ಮಾಡಿಸೋಣ" ಅಂದ್ರು. ನಾನೂ ಹಿಗ್ಗಿಬಿಟ್ಟೆ, ಮೂಗಿಗೆ ತುಪ್ಪ ಹಚ್ಚಿದ್ದು ಗೊತ್ತಾಗಲಿಲ್ಲ.

ಪುಸ್ತಕ ಬಂತು. ಮುಖಪುಟದ ಮೇಲೆ ಅವರ ಹೆಸರು, ಹಿಂಬದಿ ಅವರ ಫೋಟೋ. ಒಳಗೆ ಪುಟಪುಟವೂ ನಾನು ಬರೆದಿದ್ದೇ, ಒಂದು ಅಕ್ಷರ ಬದಲಾಗಿರಲಿಲ್ಲ. ನನ್ನ ಹೆಸರು ಹುಡುಕಿದೆ. ಕೊನೆಯಲ್ಲಿ "ಸಹಕರಿಸಿದ ಸಿಬ್ಬಂದಿಗೆ ವಂದನೆಗಳು" ಅಂತ ಒಂದು ಸಾಲಿತ್ತು, ಅಷ್ಟೇ. ಕೇಳೋಕೆ ಹೋದೆ. ಟೀ ಕುಡೀತಾ ಕೂತಿದ್ದೋರು ನಕ್ಕು, "ಗೆಸ್ಟುಗಳ ಹೆಸರೆಲ್ಲ ಹಾಕಕ್ಕಾಗಲ್ಲ ಕಣಮ್ಮ. ಇವತ್ತು ಇರ್ತೀರಿ, ನಾಳೆ ಹೋಗ್ತೀರಿ" ಅಂದ್ರು. ತುಟಿ ಕಚ್ಚಿಕೊಂಡು ಹೊರಗೆ ಬಂದೆ, ಮುಂದಿನ ವರ್ಷ ಕರೀಬೇಕಾದೋರೂ ಅವರೇ ಅಲ್ವಾ.

ಅದಾದ ಸ್ವಲ್ಪ ದಿನಕ್ಕೆ ಮೈಸೂರಿನಲ್ಲಿ ಸಂಶೋಧನೆಗೆ ಸೀಟು ಕೇಳಿಕೊಂಡು ಸಂದರ್ಶನಕ್ಕೆ ಹೋದೆ. ಏನು ಕೆಲಸ ಮಾಡಿದ್ದೀರಿ ಅಂದ್ರು. ಆ ಪುಸ್ತಕ ಮುಂದಿಟ್ಟೆ. ಮೇಜಿನ ಆಚೆ ಕೂತೋರು ತಿರುವಿ ಹಾಕಿ, "ಇದರಲ್ಲಿ ನಿಮ್ಮ ಹೆಸರೆಲ್ಲಿದೆ?" ಅಂದ್ರು. ನಾನೇ ಮಾಡಿದ್ದು ಅಂತ ಎಷ್ಟು ಹೇಳಿದ್ರೂ ಅವರ ಮುಖದಲ್ಲಿ ಒಂದು ಥರ ಅನುಮಾನ. ಕೊನೆಗೆ ಒಬ್ಬರು, "ಬೇರೆಯೋರ ಕೆಲಸ ನಮ್ಮದು ಅನ್ನಬಾರದಮ್ಮ" ಅಂತ ಬುದ್ಧಿ ಹೇಳಿ ಕಳಿಸಿದ್ರು. ನನಗೆ! ಹುಣಸೂರಿನ ತನಕ ಬಸ್ಸಿನಲ್ಲಿ ಹಲ್ಲು ಕಡಿಯುತ್ತಾ ಬಂದೆ. ಆವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನ್ನ ಸುಮ್ಮನೆ ಬಿಡೋದಿಲ್ಲ ಅಂತ.

ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ. ದಾರಿ ತೋರಿಸಿದೋರು ಅವರೇ.

ಒಂದು ದಿನ ತಮ್ಮದೇ ಪುಸ್ತಕವನ್ನ, ಬಹುಶಃ ಮೊದಲನೇ ಸಲ, ತೆರೆದು ನೋಡಿದ್ರು ಅಂತ ಕಾಣುತ್ತೆ. ಮ್ಯೂಸಿಯಂ ಕೋಣೆಗೆ ಓಡೋಡಿ ಬಂದು, ಕೆಳಗಿನ ಹಲಗೆಯ ಮೇಲಿದ್ದ ಬಾತನ್ನ ತೋರಿಸಿ, "ಇದರ ತಲೆ ಗುಲಾಬಿ ಬಣ್ಣ ಇದೆಯಲ್ಲೇ! ಗುಲಾಬಿ ತಲೆ ಬಾತು ಅಳಿದುಹೋಗಿ ಎಷ್ಟೋ ಕಾಲ ಆಯ್ತು. ಪ್ರಪಂಚದ ಮ್ಯೂಸಿಯಂಗಳಲ್ಲಿ ಇರೋದೇ ಒಂದಿಷ್ಟು. ನಮ್ಮಲ್ಲಿ ಇಟ್ಟುಕೊಂಡು ಮಾಮೂಲಿ ಬಾತು ಅಂತ ಬರೆದಿದ್ದೀಯಲ್ಲ, ಕಣ್ಣು ಕಾಣ್ಸಲ್ವಾ ನಿಂಗೆ?" ಅಂದ್ರು.

"ಅದು ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕೆರೆಗಳಿಗೆ ಬರುತ್ತಲ್ಲ ಸಾರ್, ಕೆಂಜುಟ್ಟಿನ ಬಾತು, ಅದರ ಹೆಣ್ಣು. ಹೆಣ್ಣಿಗೆ ಕೆಂಪು ಜುಟ್ಟಿರಲ್ಲ. ರೆಕ್ಕೆ ಎತ್ತಿ ನೋಡಿ, ಒಳಗೆ ಅಗಲವಾಗಿ ಬಿಳೀ ಪಟ್ಟಿ ಇದೆ. ಗುಲಾಬಿ ತಲೆದಾಗಿದ್ರೆ ಅಲ್ಲಿ ಮಾಸಲು ಬಣ್ಣ ಇರಬೇಕಿತ್ತು" ಅಂದೆ.

"ನೀನು ಹೊಟ್ಟೆಕಿಚ್ಚು ಪಡಬೇಡ. ತಲೆ ಗುಲಾಬಿ ಇದೆಯೋ ಇಲ್ವೋ, ಅಷ್ಟು ಹೇಳು."

ಆ ಗುಲಾಬಿ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ನಾವು ಓದೋ ಕಾಲದಲ್ಲಿ ಆಯುಧಪೂಜೆ ದಿನ ಲ್ಯಾಬು, ಮ್ಯೂಸಿಯಂ ಎಲ್ಲ ತೊಳೆದು ಪೂಜೆ ಮಾಡೋರು. ಮೈಕ್ರೋಸ್ಕೋಪಿಗೆ ಹೂವು, ತಕ್ಕಡಿಗೆ ವಿಭೂತಿ, ಮೂಲೇಲಿ ನೇತುಹಾಕಿದ ಅಸ್ಥಿಪಂಜರದ ಹಣೆಗೂ ಕುಂಕುಮ. ಹಕ್ಕಿಗಳನ್ನ ಬಿಡ್ತೀವಾ? ಕುಂಕುಮವನ್ನ ನೀರಲ್ಲಿ ಕಲಸಿ ಕೈಗೆಟುಕಿದ್ದಕ್ಕೆಲ್ಲ ಇಡ್ತಿದ್ವಿ. ಕೆಳಗಿನ ಹಲಗೆಯ ಬಾತು ಎಲ್ಲರ ಕೈಗೂ ಎಟುಕೋದು. ಅದರ ಕೆನ್ನೆ ಬೇರೆ ಬಿಳಿಚು. ವರ್ಷಾ ವರ್ಷಾ ಹಚ್ಚಿದ್ದು ಇಳಿದು, ಒರೆಸೋಕೆ ಹೋದಾಗ ಹರಡಿ, ತಲೆ ಕತ್ತೆಲ್ಲ ಗುಲಾಬಿಯಾಗಿತ್ತು. ಆಮೇಲೆ ಕೋಣೆಗೆ ಬೀಗ ಬಿತ್ತು, ಪೂಜೆ ನಿಂತಿತು, ಆಗಿನ ಮೇಷ್ಟ್ರುಗಳೂ ಯಾರೂ ಉಳಿಯಲಿಲ್ಲ. ಈ ಸಾರ್ ಆಯುಧಪೂಜೆ ಅಂದ್ರೆ ತಮ್ಮ ಕಾರಿಗೆ ಕುಂಬಳಕಾಯಿ ಒಡೆದು ಮನೆಗೆ ಹೋಗೋರು.

ಹೇಳೋಕೆ ಬಾಯಿ ತೆರೆದೆ. ಮುಚ್ಚಿಕೊಂಡೆ. "ಗುಲಾಬಿ ಇದೆ ಸಾರ್" ಅಂದೆ. ಸುಳ್ಳೇನಲ್ಲವಲ್ಲ.

ಅಲ್ಲಿಂದ ಮುಂದಿನ ಎರಡು ತಿಂಗಳು ನನ್ನ ಜೀವನದಲ್ಲೇ ಸೊಗಸಾದ ದಿನಗಳು. ಪೇಪರಿನೋರು ಬಂದ್ರು, ಸಾರ್ ಬಾತಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ್ರು. ಎಚ್.ಡಿ. ಕೋಟೆ ಕಡೆಯಿಂದ ಸ್ಕೂಲಿನ ಮಕ್ಕಳು ಸಾಲಾಗಿ ಬಂದು ನೋಡಿದ್ವು. ಸರಗೂರಿನಲ್ಲಿ ಕರೆಸಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ರು. ಪೇಟದ ಸಮೇತ ಇರೋ ಫೋಟೋವನ್ನ ಅವರು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಾಗ ನಾನು ಮೊದಲಿಗಳಾಗಿ ಕೈ ಮುಗಿಯೋ ಚಿತ್ರ ಕಳಿಸಿದೆ. ಬೀರುವಿನ ಗಾಜು ಒರೆಸಿ, ತಲೆ ಎದ್ದು ಕಾಣಲಿ ಅಂತ ಬಾತಿನ ಮೇಲೆ ಸಣ್ಣ ಲೈಟು ಹಾಕಿಸಿದ್ದೂ ನಾನೇ. ಯಾರಾದ್ರೂ ಹಳೇ ವಿದ್ಯಾರ್ಥಿ ಬಂದು ಕುಂಕುಮದ ಗುಟ್ಟು ಬೇಗ ಒಡೆದುಬಿಟ್ರೆ ಅನ್ನೋದೊಂದೇ ಭಯ. ಅವರು ಇನ್ನೂ ಮೇಲೇರಬೇಕಿತ್ತು.

"ಸಾರ್, ಹಕ್ಕಿ ವಿಷಯದಲ್ಲಿ ದೊಡ್ಡ ಹೆಸರಿರೋರೊಬ್ಬರು ಬಂದು ಒಪ್ಪಿದ್ರೆ, ಪ್ರಪಂಚವೇ ನಮ್ಮ ಕಡೆ ತಿರುಗಿ ನೋಡುತ್ತೆ" ಅಂತ ಕಿವೀಲಿ ಹಾಕಿದೆ. ಅವರಿಗೆ ಅದು ಅಮೃತ ಕುಡಿದಷ್ಟು ಹಿತವಾಯ್ತು. ಬೆಂಗಳೂರಿನ ಒಂದು ದೊಡ್ಡ ಸಂಗ್ರಹಾಲಯದಲ್ಲಿ ಜೀವಮಾನವೆಲ್ಲ ಹಕ್ಕಿ ಚರ್ಮಗಳ ಜೊತೆ ಕಳೆದಿದ್ದ ಒಬ್ಬ ಹಿರಿಯ ಹೆಂಗಸನ್ನ ಕರೆಸಿದ್ರು. ಸಭಾಂಗಣದ ತುಂಬ ಜನ. ವೇದಿಕೆ ಮೇಲೆ ಗಾಜಿನ ಪೆಟ್ಟಿಗೇಲಿ ಬಾತು, ಪೆಟ್ಟಿಗೆಗೆ ಮಲ್ಲಿಗೆ ಹಾರ. ಹಳೇ ವಿದ್ಯಾರ್ಥಿಗಳನ್ನೂ ಕರೆದಿದ್ರು, ಭೇರ್ಯದಲ್ಲಿ ಗೊಬ್ಬರದ ಅಂಗಡಿ ಇಟ್ಟಿರೋ ನಮ್ಮ ಕ್ಲಾಸಿನವನೊಬ್ಬ ಮುಂದಿನ ಸಾಲಿನಲ್ಲೇ ಕೂತಿದ್ದ.

ಆಯಮ್ಮ ಬಾತನ್ನ ಹೊರಗೆ ತೆಗೆಸಿ, ಕನ್ನಡಕ ಏರಿಸಿಕೊಂಡು, ರೆಕ್ಕೆ ಎತ್ತಿದ್ರು. ಒಂದು ಗಳಿಗೆ ನೋಡಿ ಕೆಳಗಿಳಿಸಿದ್ರು. ತಲೆ ಮುಟ್ಟಿದ್ರು, ಬೆರಳು ನೋಡಿಕೊಂಡ್ರು. "ಸ್ವಲ್ಪ ಹತ್ತಿ, ಸ್ಪಿರಿಟ್ಟು ಸಿಗುತ್ತಾ?" ಅಂದ್ರು.

ಸಿಗದೆ ಏನು! ಸ್ಟೀಲ್ ತಟ್ಟೇಲಿ ಜೋಡಿಸಿ ಇಟ್ಟುಕೊಂಡೇ ಪಕ್ಕದಲ್ಲಿ ನಿಂತಿದ್ದೆ.

ಅವರು ಹತ್ತಿ ಅದ್ದಿ ಬಾತಿನ ಕೆನ್ನೆ ಮೇಲೆ ಒತ್ತಿ ಎತ್ತಿದ್ರು. ಹತ್ತಿ ಕೆಂಪಗಾಗಿತ್ತು. ಮತ್ತೊಂದು ಹತ್ತಿ, ಅದೂ ಕೆಂಪು. ಕೆನ್ನೆ ಮಾತ್ರ ಬೆಳ್ಳಗೆ ಆಗ್ತಾ ಬಂತು. ಅಷ್ಟರಲ್ಲಿ ಭೇರ್ಯದವನು ಎದ್ದು ನಿಂತು, "ಅಯ್, ನಾವು ಇಕ್ಕಿದ್ ಕುಂಕುಮ ಕಣ್ರೀ ಅದು! ಆಯುಧಪೂಜೇಲಿ!" ಅಂತ ಕೂಗಿದ. ಹಿಂದಿನ ಸಾಲಿಂದ ಶುರುವಾದ ನಗು ವೇದಿಕೆ ತನಕ ಬಂತು. ಪ್ರಿನ್ಸಿಪಾಲರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡ್ರು. ಸಾರ್ ಮುಖದಲ್ಲಿ ರಕ್ತ ಇರಲಿಲ್ಲ. ನಾನು ಕಣ್ಣು ತುಂಬಾ ನೋಡಿದೆ. ಅಯ್ಯೋ ಪಾಪ ಅನ್ನಿಸಿತಾ ಅಂತ ಆಮೇಲೆ ಅವ್ವ ಕೇಳಿದ್ಲು. ಇಲ್ಲ, ಒಂದು ಚೂರೂ ಅನ್ನಿಸಲಿಲ್ಲ.

ನನ್ನ ಲೆಕ್ಕ ಅಲ್ಲಿಗೇ ಮುಗಿದಿತ್ತು. ಆದರೆ ಅವರು ಸುಮ್ಮನಿರಬೇಕಲ್ಲ, ಮೈಕು ಕಿತ್ತುಕೊಂಡ್ರು. "ಇದರಲ್ಲಿ ನನ್ನ ತಪ್ಪಿಲ್ಲ" ಅಂದ್ರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, ನನ್ನ ಹೆಸರನ್ನ, ಇನಿಶಿಯಲ್ ಸಮೇತ, ಹೇಳಿದ್ರು. "ಗುರುತಿಸಿದ್ದೆಲ್ಲ ಇವರೇ. ಪುಸ್ತಕದಲ್ಲಿರೋ ಒಂದೊಂದು ಹಕ್ಕೀನೂ ಇವರದ್ದೇ ಕೆಲಸ. ನಾನು ಒಂದು ಗರೀನೂ ಮುಟ್ಟಿದೋನಲ್ಲ. ನಂಬಿ ಮೋಸ ಹೋದೆ."

ಯಾವ ಮಾತಿಗೋಸ್ಕರ ಹಗಲೂ ರಾತ್ರಿ ಕುದ್ದಿದ್ದೆನೋ ಅದೇ ಮಾತು, ಅವರದ್ದೇ ಬಾಯಲ್ಲಿ, ನನ್ನ ಕತ್ತು ಹಿಸುಕೋಕೆ ಬರ್ತಿತ್ತು. ಎಲ್ಲರೂ ನನ್ನ ಕಡೆ ತಿರುಗಿದ್ರು. ಹಲವರು ಆಗಲಿಂದಲೇ ಫೋನು ಎತ್ತಿ ಹಿಡಿದು ವಿಡಿಯೋ ಮಾಡ್ತಿದ್ರು.

ಆಗ ಬೆಂಗಳೂರಿನ ಹಿರಿಯರು, "ಪುಸ್ತಕ ಓದಿಕೊಂಡೇ ಬಂದಿದ್ದೀನಿ ಸ್ವಾಮಿ. ಅದರಲ್ಲಿ ಈ ಬಾತಿನ ಹೆಸರು ಸರಿಯಾಗೇ ಇದೆ. ಮಿಕ್ಕಿದ್ದೂ ಅಚ್ಚುಕಟ್ಟಾಗಿದೆ. ಗುಲಾಬಿ ತಲೆ ಅಂದಿದ್ದು ಪುಸ್ತಕವಲ್ಲ, ನೀವು ಪೇಪರಿಗೆ ಹೇಳಿದ್ದು" ಅಂದ್ರು. ನನ್ನ ಕಡೆ ತಿರುಗಿ, "ಎಲ್ಲ ನಿಮ್ಮ ಕೆಲಸವೇ ಏನಮ್ಮ?" ಅಂತ ಕೇಳಿದ್ರು.

"ಹೌದು ಮೇಡಂ, ಸಾರ್ ಹೇಳಿದ್ರಲ್ಲ, ಒಂದೊಂದು ಹಕ್ಕೀನೂ ನಂದೇ" ಅಂದೆ. "ಗುಲಾಬಿ ಬಾತು ಒಂದು ಮಾತ್ರ ಸಾರ್‌ದು."

ಆ ನಗು ಹುಣಸೂರಿನ ಬಸ್ ಸ್ಟ್ಯಾಂಡಿನ ತನಕ ಕೇಳಿಸಿರಬೇಕು.

ವಿಡಿಯೋ ಆ ಸಂಜೆಯೇ ಊರೂರು ತಿರುಗಿತು. ಕೆ.ಆರ್. ನಗರದ ನಮ್ಮ ನೆಂಟರು ಫೋನ್ ಮಾಡಿ, "ಏನವ್ವಾ, ಮೇಷ್ಟ್ರುಗೆ ಮಂಗಳಾರತಿ ಎತ್ತಿದ್ಯಂತೆ" ಅಂದ್ರು. ಮುಂದಿನ ವರ್ಷ ಕಾಲೇಜಿನೋರು ನನ್ನನ್ನ ಕರೀಲಿಲ್ಲ. ಪುಸ್ತಕದ ಮೇಲೂ ಅವರ ಹೆಸರೇ ಉಳೀತು, ಮತ್ತೆ ಅಚ್ಚು ಹಾಕಿಸೋರು ಯಾರು? ಆದರೆ ಮೈಸೂರಿನ ಸಂದರ್ಶನಕ್ಕೆ ಇನ್ನೊಂದು ಸಲ ಹೋದಾಗ ಅದೇ ಮೇಜಿನ ಮೇಲೆ ಪುಸ್ತಕದ ಪಕ್ಕ ಫೋನಿಟ್ಟು ವಿಡಿಯೋ ಹಾಕಿದೆ. ಬುದ್ಧಿ ಹೇಳಿ ಕಳಿಸಿದ್ದೋರೇ ತಲೆ ತಗ್ಗಿಸಿ ನೋಡಿದ್ರು. ಆಮೇಲೆ ಹಕ್ಕಿಗಳ ಬಗ್ಗೆ ಸಾಕುಸಾಕಾಗೋ ಅಷ್ಟು ಪ್ರಶ್ನೆ ಕೇಳಿದ್ರು. ಸೀಟು ಸಿಕ್ಕಿತು.

ಮೊನ್ನೆ ಸಾರ್ ಫೋನ್ ಮಾಡಿದ್ರು. ನಿವೃತ್ತಿ ಸಮಾರಂಭ ಹತ್ತಿರ ಬಂತಂತೆ. ಯಾರೋ ಮತ್ತೆ ಆ ವಿಡಿಯೋ ಗ್ರೂಪಿಗೆ ಹಾಕಿ, ಮೊಮ್ಮಗಳು ನೋಡಿ ಏನೋ ಕೇಳಿದಳಂತೆ. "ನಿಂಗೆ ಎಲ್ಲ ಸಿಕ್ತಲ್ಲಮ್ಮ. ನಿನ್ನ ಹತ್ರ ಇರೋದನ್ನಾದ್ರೂ ಅಳಿಸಿಬಿಡು, ಕೈ ಮುಗೀತೀನಿ" ಅಂದ್ರು.

"ಆಗಲ್ಲ ಸಾರ್" ಅಂದೆ. "ನನ್ನ ಹೆಸರು ಇರೋದು ಅದೊಂದರಲ್ಲೇ."