ತಲೆಮರೆಸಿಕೊಂಡವಳಲ್ಲ ರತ್ನಮ್ಮ

“ಎರಡೂ ಒಂದೇ ಅರ್ಥ ಕಣ್ರೀ ಮೇಡಂ, ಯಾಕೆ ಕೂಗಾಡ್ತೀರಿ?” ಎಂದರು ಹೆಬ್ಬಾಳದ ಕಾರ್ಖಾನೆಯೊಂದರ ಅಧಿಕಾರಿ. ನನ್ನ ಮೈಯೆಲ್ಲ ಉರಿದುಹೋಯಿತು.

ಪಕ್ಕದಲ್ಲಿ ನಮ್ಮ ಬೀದಿಯ ರತ್ನಮ್ಮ ತಲೆ ತಗ್ಗಿಸಿ ನಿಂತಿದ್ದಳು. ಗಂಡ ತೀರಿಕೊಂಡಾಗ ಫೋನಿನಲ್ಲಿ ತಿಳಿಸಿಯೇ ಹನ್ನೊಂದು ದಿನ ಮನೆಯಲ್ಲಿದ್ದವಳು. ಅಷ್ಟಕ್ಕೇ ಈ ಕಾರ್ಖಾನೆಯವರು ಅವಳನ್ನು ಕೆಲಸದಿಂದ ತೆಗೆದದ್ದಲ್ಲದೆ, ಬಿಡುಗಡೆ ಪತ್ರದಲ್ಲಿ ‘ಆಬ್ಸೆಂಟ್’ ಎನ್ನುವ ಬದಲು ‘ಅಬ್ಸ್ಕಾಂಡೆಡ್’ ಎಂದು ಬರೆದುಕೊಟ್ಟಿದ್ದರು.

“ಆಬ್ಸೆಂಟ್ ಅಂದ್ರೆ ಬರ್ಲಿಲ್ಲ ಅಂತ. ಇದು, ತಪ್ಪು ಮಾಡಿ ತಲೆಮರೆಸ್ಕೊಂಡ್ಳು ಅಂತ! ಗಂಡನ ಹೆಣದ ಮುಂದೆ ಕೂತಿದ್ದೋಳು ಓಡಿಹೋದ್ಲಾ?” ಎಂದು ಮೇಜು ಕುಟ್ಟಿದೆ.

ಅವರು ಕಂಪ್ಯೂಟರ್ ಕಡೆ ತಿರುಗಿ ಪತ್ರ ತಿದ್ದಿಕೊಟ್ಟರು.

ಎರಡೇ ನಿಮಿಷದ ಕೆಲಸ. ಆದರೆ ಆ ಪದ ಓದಿಯೇ, ಹೊಸ ಕೆಲಸ ಕೇಳಿ ಹೋದ ಮೂರು ಕಡೆ ರತ್ನಮ್ಮನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಇಂಗ್ಲಿಷ್ ಬಾರದ ಅವಳಿಗೆ ಏಕೆಂದೇ ತಿಳಿದಿರಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.