ಲೆಗಿನಾ ಅಕ್ಕನ ಕೈಗುಣ

ಕ್ಲಾತೆನ್ ಊರಿನ ಸಂತೆಯ ಹಿಂದಿನ ನಮ್ಮ ಓಣಿಯಲ್ಲಿ ಮೈಯೊಳಗೆ ಗಾಳಿ ಹೊಕ್ಕು ಚಳಿ, ಮೈಕೈ ನೋವು ಬಂತೆಂದರೆ ಜನ ನೆಟ್ಟಗೆ ಹೋಗುತ್ತಿದ್ದುದು ಲೆಗಿನಾ ಅಕ್ಕನ ಜಗಲಿಗೆ. ಮಳೆಯಲ್ಲಿ ನೆನೆದವರು, ನಿದ್ದೆಗೆಟ್ಟವರು, ಬಸ್ಸಿನ ಕಿಟಕಿ ಪಕ್ಕ ಕೂತು ಬಂದವರು, ಎಲ್ಲರೂ ಬೆನ್ನು ತಿರುಗಿಸಿ ಕೂರುವರು. ಅಕ್ಕ ತೆಂಗಿನೆಣ್ಣೆಗೆ ಸಣ್ಣೀರುಳ್ಳಿ ಜಜ್ಜಿ ಹಾಕಿ ಸವರಿ, ಡಚ್ಚರ ಕಾಲದ ದಪ್ಪ ತಾಮ್ರದ ನಾಣ್ಯದ ಅಂಚಿನಿಂದ ಬೆನ್ನುಹುರಿಯ ಎರಡೂ ಕಡೆ ಓರೆಯಾಗಿ ಗೀರುವಳು. ಮೀನಿನ ಮುಳ್ಳಿನ ಹಾಗೆ ಕೆಂಪು ಗೆರೆ ಏಳುತ್ತಿತ್ತು. ಕೆಂಪಾದಷ್ಟೂ ಒಳಗೆ ಹೊಕ್ಕ ಗಾಳಿ ಹೆಚ್ಚು ಎಂದು ಲೆಕ್ಕ. ಒಂದು ದೊಡ್ಡ ತೇಗು ಬಂದರೆ ಆಯಿತು, ಬಿಸಿ ಶುಂಠಿ ನೀರು ಕುಡಿದು ಮನೆಗೆ.

ಮೂಗಿನಲ್ಲಿ ರಕ್ತ ಬಂದರೆ ವೀಳ್ಯದೆಲೆಯ ಸುರುಳಿ, ಹೊಟ್ಟೆ ಕೆಟ್ಟರೆ ಸೀಬೆಯ ಚಿಗುರು, ಉಪ್ಪು. ಒಮ್ಮೆ ನಾನೇ ಕೇಳಿದ್ದೆ: "ಗಂಡ ಹೇಳಿದ ಮಾತು ಕೇಳಲ್ಲ, ಅದಕ್ಕೇನಾದ್ರೂ ಎಲೆ ಇದೆಯಾ ಅಕ್ಕಾ?"

"ಇದ್ದಿದ್ರೆ ಮೊದಲು ನನ್ನ ಗಂಡನಿಗೇ ಅರೆದು ಕುಡಿಸ್ತಿದ್ದೆ, ಹೋಗೇ!"

ಆ ಗಂಡ ಸಾಮಿಜಾನ್ ಸೈಕಲ್ ರಿಕ್ಷಾ ತುಳಿಯುವವನು. ಹೆಂಡತಿಯ ಕೈಗುಣದ ಬಗ್ಗೆ ಅವಳಿಗಿಂತ ಅವನಿಗೇ ಹೆಮ್ಮೆ.

ಒಂದು ಮಧ್ಯಾಹ್ನ ನಾನು ಅವಳ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಸಾಮಿಜಾನ್ ರಿಕ್ಷಾವನ್ನು ಓಣಿಗೆ ಅಡ್ಡವಾಗಿ ಬಿಟ್ಟು ಬಂದ. ಮುಖ ಬೂದಿಯ ಬಣ್ಣ, ಕುತ್ತಿಗೆ ತುಂಬ ಬೆವರು.

"ಗಾಳಿ ಕಣೇ. ಎದೆ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗಿದೆ. ಬೇಗ ಗೀರು."

ಅಕ್ಕ ಗೀರಿದಳು. ಮತ್ತೆ ಗೀರಿದಳು. ಚರ್ಮ ಬಿಳಿಚಿಕೊಂಡೇ ಇತ್ತು. ಅವಳ ಕೈ ನಿಂತಿತು.

"ಕೆಂಪಾಗ್ತಿಲ್ಲ. ಇದು ಗಾಳಿಯಲ್ಲ ಕಣ್ರೀ. ಏಳಿ, ಆಸ್ಪತ್ರೆಗೆ ಹೋಗೋಣ."

"ಓಣಿಗೆಲ್ಲ ಗೀರ್ತೀಯ, ಗಂಡನಿಗೆ ಅಂದ್ರೆ ಕೈ ನೋಯುತ್ತಾ? ಜೋರಾಗಿ ಗೀರೇ."

"ನನ್ನ ಕೈಗೆ ಬಗ್ಗೋದಲ್ಲ ಇದು. ನಿಮ್ಮ ಕಾಲು ಹಿಡೀತೀನಿ." ನಿಜವಾಗಿಯೂ ಹಿಡಿದಳು.

"ಲೆಗಿನಾ ಗಂಡ ಆಸ್ಪತ್ರೆಗೆ ಹೋದ ಅಂದ್ರೆ ಜನ ನಗಲ್ವಾ?" ಎಂದು ತಾನೇ ನಕ್ಕ. "ಸ್ವಲ್ಪ ಒರಗ್ತೀನಿ, ಆಮೇಲೆ ನೋಡೋಣ."

ಅವಳು ದೊಡ್ಡ ರಸ್ತೆಗೆ ಓಡಿ ಗಾಡಿ ತಂದಳು. ಅಷ್ಟರಲ್ಲಿ ಮುಗಿದಿತ್ತು. ನಾನು ನೀರಿನ ಲೋಟ ಹಿಡಿದು ಕೂತೇ ಇದ್ದೆ, ಅವನು ಕುಡಿಯಲಿಲ್ಲ.

ಹೆಣಕ್ಕೆ ಸ್ನಾನ ಮಾಡಿಸಿದವರಲ್ಲಿ ನನ್ನ ಗಂಡನೂ ಇದ್ದರು, ಆಗಿನ್ನೂ ಅವರು ಬದುಕಿದ್ದರು. ಬೆನ್ನ ಮೇಲಿನ ಗೀರು ಎಲ್ಲರ ಕಣ್ಣಿಗೂ ಬಿತ್ತು. ಸಾಮಿಜಾನನ ತಮ್ಮ ತುಕಿರಾನ್ ಅಂಗಳದಲ್ಲಿ ಕೂಗಾಡಿದ: "ಗಾಳಿ ಎದೇಲಿ ಕೂತಾಗ ಗೀರಬಾರದು ಅಂತ ಮಗುವಿಗೂ ಗೊತ್ತು! ಅತ್ತಿಗೆ ಗೀರಿ ಗೀರಿ ನಮ್ಮಣ್ಣನ್ನ ಕೊಂದಳು!"

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ನನ್ನ ಮಣಿಕಟ್ಟು ಒತ್ತಿ ಹಿಡಿದಳು. "ಬೇಡ ತಂಗಿ. ಮೊಂಡ ಅನ್ನಿಸ್ಕೊಂಡು ಮಣ್ಣಿಗೆ ಹೋಗೋದು ಬೇಡ ಅವರು."

ಓಣಿಯ ಅರ್ಧ ಜನ ಅವಳ ಜಗಲಿ ತುಳಿಯುವುದನ್ನು ಬಿಟ್ಟರು. ಬಂದವರನ್ನು ಅವಳು ಈಗ ಗೀರುವ ಮೊದಲು ಎಲ್ಲಿ ನೋವು ಎಂದು ಕೇಳುತ್ತಿದ್ದಳು.

ಎರಡು ಮಳೆಗಾಲ ಕಳೆದ ಮೇಲೆ ತುಕಿರಾನನೇ ಬಂದ, ಎದೆ ತಿಕ್ಕಿಕೊಳ್ಳುತ್ತ. "ಹಳೇದೆಲ್ಲ ಬಿಡು ಅತ್ತಿಗೆ. ಮನೇಲಿ ಹೆಂಡತಿ ಗೀರಿದ್ರೆ ಕೆಂಪೇ ಏಳ್ತಿಲ್ಲ. ಎಡಭುಜ ಎಳೀತಿದೆ. ನೀನೇ ಒಂದೆರಡು ಗೀರು ಹಾಕು."

ಅಕ್ಕ ಅವನ ಕುತ್ತಿಗೆಯ ಬೆವರು ನೋಡಿದಳು. ಒಳಗೆ ಹೋಗಿ ದಢಾರನೆ ಬಾಗಿಲು ಹಾಕಿ ಚಿಲಕ ಜಡಿದಳು. "ಅಣ್ಣನ್ನ ಕೊಂದವಳ ಕೈ ಬೇಕಾ ನಿಂಗೆ? ನಾಚಿಕೆ ಆಗಲ್ವಾ? ಆಸ್ಪತ್ರೆಗೆ ಹೋಗಿ ಸಾಯಿ, ನನ್ನ ಜಗಲೀಲಿ ಸಾಯಬೇಡ!" ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಅವನು ಶಾಪ ಹಾಕುತ್ತಲೇ ಗಾಡಿ ಹತ್ತಿದ. ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರಂತೆ ಡಾಕ್ಟರು. ಬದುಕಿದ. ಬದುಕಿ, ಹೋದ ಹೋದ ಔತಣದ ಮನೆಯಲ್ಲೆಲ್ಲ ಅದನ್ನೇ ಹೇಳಿದ: "ಅಣ್ಣನ್ನ ಗೀರಿ ಕೊಂದಳು, ನನ್ನ ಮುಖಕ್ಕೆ ಬಾಗಿಲು ಬಡಿದಳು, ಮಹಾತಾಯಿ!"

ಅಂಥದೇ ಒಂದು ಊಟದಲ್ಲಿ ನಾವಿಬ್ಬರು ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದೆವು. ಅವನ ದನಿ ಅಲ್ಲಿಗೂ ಕೇಳಿಸುತ್ತಿತ್ತು.

"ಇನ್ನಾದ್ರೂ ನಿಜ ಹೇಳಬಾರದಾ ಅಕ್ಕಾ?" ಎಂದೆ.

"ಬೈಯಲಿ ಬಿಡು. ಬೈಯೋಕೆ ಉಸಿರಿದೆಯಲ್ಲ."

ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಅವತ್ತು ಅವರ ಕಾಲು ಹಿಡಿದೆ ನೋಡು, ಅದೇ ತಪ್ಪಾಯ್ತು. ಅವರನ್ನೂ ಹೀಗೇ ಬೈದು ಓಡಿಸಬೇಕಿತ್ತು" ಎಂದಳು.