ಕೊಬ್ಬರಿ ಅಟ್ಟದಿಂದ ಬಂದ ಲ್ಯಾಪ್‌ಟಾಪ್

ಬೆಳಗಿನ ಐದೂವರೆ. ಅರಸೀಕೆರೆ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಒಂದೇ ಒಂದು ಅಂಗಡಿಯ ಷಟರ್ ಅರ್ಧ ಎದ್ದಿದೆ. ಒಳಗೆ ಹೇಮಲತಾ ಕೈಯ ಬಳೆಗಳನ್ನು ತೆಗೆದು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಾರೆ. ದಿನದ ಮೊದಲ ಕೆಲಸ ಇದೇ.

“ಬರಿಗೈ ನೋಡಿದ್ರೆ ನಮ್ಮತ್ತೆಗೆ ಆಗ್ತಿರಲಿಲ್ಲ. ಬಳೆ ತಗುಲಿದ್ರೆ ಲ್ಯಾಪ್‌ಟಾಪ್ ಬೋರ್ಡಿಗೆ ಆಗಲ್ಲ. ಇಬ್ಬರಲ್ಲಿ ಯಾರ ಮಾತು ಕೇಳೋಣ ಹೇಳಿ?” ಎಂದು ನಗುತ್ತಾರೆ.

ಮೇಜಿನ ಮೇಲೆ ಹಳೇ ಹತ್ತಿ ಪಂಚೆ ಹಾಸಿದೆ. ಅದರ ಮೇಲೊಂದು ಲ್ಯಾಪ್‌ಟಾಪ್ ಮಕಾಡೆ ಮಲಗಿದೆ. ಬಿಚ್ಚಿದ ಸ್ಕ್ರೂಗಳು ಇಡ್ಲಿ ತಟ್ಟೆಯಲ್ಲಿವೆ, ಒಂದೊಂದು ಜಾಗದ ಸ್ಕ್ರೂಗೆ ಒಂದೊಂದು ಕುಳಿ. ಇಷ್ಟು ಬೇಗ ಏಕೆ ಎಂದರೆ ಧೂಳು. ಏಳು ಗಂಟೆಗೆ ತೆಂಗಿನಕಾಯಿ ಲಾರಿಗಳು ಓಡಾಡತೊಡಗಿದರೆ ಗಲ್ಲಿಯ ಧೂಳೆಲ್ಲ ಅಂಗಡಿಯೊಳಗೆ. ಒದ್ದೆ ಬೋರ್ಡಿನ ಮೇಲೆ ಧೂಳು ಕೂತರೆ ತೊಳೆದದ್ದು ತೊಳೆಯದಂತೆಯೇ. ಹೇಮಲತಾ ಬೋರ್ಡನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ.

“ಎಳನೀರು. ಹುಳಿ ಬಂದುಬಿಟ್ಟಿದೆ.”

ನಲವತ್ತೇಳರ ಹೇಮಲತಾ ಮಾಡುವುದು ನೀರು ಕುಡಿದ ಲ್ಯಾಪ್‌ಟಾಪುಗಳ ಆರೈಕೆ. ಈ ಲ್ಯಾಪ್‌ಟಾಪ್ ಹಿಂದಿನ ಸಂಜೆ ಟವೆಲಿನಲ್ಲಿ ಸುತ್ತಿಕೊಂಡು ಬಂದದ್ದು. ತಂದವರು ಜಾವಗಲ್ ಕಡೆಯ ತೆಂಗು ಬೆಳೆಗಾರ ಕುಮಾರಸ್ವಾಮಿ. ಬರುವ ಸೋಮವಾರ ಅವರ ಮಗಳು ಗಾನವಿಯ ಮದುವೆ. ಮನೆಗೆ ಬಂದ ನೆಂಟರಿಗೆ ಎಳನೀರು ಕೊಚ್ಚಿ ಕೊಡುವಾಗ ಲೋಟ ಉರುಳಿ, ಒಂದು ಬುರುಡೆಯ ನೀರು ಪೂರ್ತಿ ಕೀಬೋರ್ಡಿನೊಳಗೆ ಇಳಿದಿದೆ. ಹೇಮಲತಾ ಯಾರು ಬಂದರೂ ಎರಡು ಪ್ರಶ್ನೆ ಕೇಳುತ್ತಾರೆ. ಏನು ಬಿತ್ತು? ಬಿದ್ದ ಮೇಲೆ ಆನ್ ಮಾಡಿದಿರಾ? ಮೊದಲನೆಯದಕ್ಕೆ ಕುಮಾರಸ್ವಾಮಿ ಸರಿಯಾಗಿಯೇ ಉತ್ತರ ಹೇಳಿದರು. ಎರಡನೆಯದಕ್ಕೆ ತಲೆ ತಗ್ಗಿಸಿದರು.

“ತಕ್ಷಣ ಮಾಡ್ಲಿಲ್ಲ ಕಣಮ್ಮ. ನೀರೆಲ್ಲ ಬಗ್ಗಿಸಿ, ಕೊಬ್ಬರಿ ಅಟ್ಟದ ಮೇಲೆ ಇಟ್ಟೆ. ಕಾಯಿ ಒಣಗೋ ಜಾಗ, ಇದೂ ಒಣಗ್ತೈತೆ ಅಂದ್ಕೊಂಡೆ. ಐದು ದಿನ ಬಿಟ್ಟು ಕಿವಿ ಹತ್ರ ಹಿಡ್ದು ಅಲ್ಲಾಡಿಸ್ದೆ. ನೀರಿನ ಸದ್ದೇ ಬರ್ಲಿಲ್ಲ. ಸರಿ ಅಂತ ಆನ್ ಮಾಡ್ದೆ. ಚಟ್ ಅಂತು, ಅಷ್ಟೇಯ.”

ನಗಬೇಕೋ ಅಳಬೇಕೋ! ಮೂವತ್ತು ವರ್ಷ ಕಾಯಿ ಅಲ್ಲಾಡಿಸಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಹೇಳಿದ ಕೈ ಅದು. ಆ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ಲ್ಯಾಪ್‌ಟಾಪನ್ನೂ ಅದೇ ಕೈ ಅದೇ ನಂಬಿಕೆಯಿಂದ ಅಲ್ಲಾಡಿಸಿದೆ. ಹೇಮಲತಾಗೆ ಬೈಯಲು ಬಾಯೇ ಬರಲಿಲ್ಲ.

“ಅಣ್ಣಾ, ಅಟ್ಟದ ಮೇಲೆ ಕಾಯಿ ಎಷ್ಟು ದಿನ ಇರುತ್ತೆ?”

“ಹತ್ತು ಹನ್ನೊಂದು ತಿಂಗಳು.”

“ಮತ್ತೆ ಇದಕ್ಕೆ ಐದೇ ದಿನ ಸಾಕಾಯ್ತಾ?”

ಕುಮಾರಸ್ವಾಮಿ ಬೆಂಚಿನ ಮೇಲೆ ಕುಸಿದು ಕೂತರು. “ಮಿಷಿನ್ ಹೋದ್ರೆ ಹೋಗ್ಲಿ ತಾಯಿ. ಒಳಗೆ ನಮ್ಮವ್ವನ ಹಾಡವೆ” ಎಂದರು.

ಅವರ ತಾಯಿ ಬಸಮ್ಮನಿಗೆ ಎಂಬತ್ತೆರಡು. ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಹೇಳಲು ಬಸಮ್ಮನಿಗೇ ಮೊದಲ ವೀಳ್ಯ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಅದಕ್ಕೂ ಮುಂಚೆ, ಕೊರೊನಾ ರಜೆಯಲ್ಲಿ ಮೊಮ್ಮಗಳು ಗಾನವಿ ಅಜ್ಜಿಯನ್ನು ಕೂರಿಸಿಕೊಂಡು ಹನ್ನೊಂದು ಹಾಡು ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟಿದ್ದಳು. ಚಪ್ಪರದ ಹಾಡು, ಅರಿಶಿನ ಕುಟ್ಟುವ ಹಾಡು, ಕೊನೆಗೆ ಹೆಣ್ಣು ಒಪ್ಪಿಸುವ ಹಾಡು. ತನ್ನ ಮದುವೆಗೆ ಬೇರೆ ಯಾರ ಹಾಡೂ ಬೇಡ, ಅಜ್ಜಿಯದೇ ಆಗಬೇಕು ಎಂದು ಆಗಲೇ ಹೇಳಿದ್ದಳು. ಇನ್ನೊಂದು ಕಾಪಿ ಮಾಡಿಡಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಅಂದುಕೊಂಡಿದ್ದರು ಅಷ್ಟೆ.

“ಶನಿವಾರ ಚಪ್ಪರ ಕಣಮ್ಮ” ಎಂದು ಕುಮಾರಸ್ವಾಮಿ ಕೈ ಮುಗಿದರು. ಅಂದು ಬುಧವಾರ.

ಹೇಮಲತಾ ಯಾರಿಗೂ ‘ಆಗುತ್ತೆ’ ಎಂದು ಮಾತು ಕೊಡುವವರಲ್ಲ. ಅವರಿಗೂ ಕೊಡಲಿಲ್ಲ. “ಶುಕ್ರವಾರ ಬೆಳಿಗ್ಗೆ ಬನ್ನಿ. ಏನಾಗಿದ್ರೂ ಇದ್ದದ್ದು ಇದ್ದ ಹಾಗೆ ಹೇಳ್ತೀನಿ” ಎಂದರು.

ಅಂಗಡಿಯ ಬೋರ್ಡನ್ನು ಯಾರಾದರೂ ಕಷ್ಟಪಟ್ಟು ಓದಿದರೆ ‘ಏಕಾಂತ ರೇಡಿಯೊ ಸರ್ವೀಸ್’ ಎಂದಿದೆ. ಬಣ್ಣ ಮಾಸಿ ‘ರೇಡಿಯೊ’ದ ಅರ್ಧ ಹೋಗಿದೆ. ಅದನ್ನು ಬದಲಿಸಲು ಹೇಮಲತಾಗೆ ಮನಸ್ಸಿಲ್ಲ. ತಂದೆ ಏಕಾಂತಯ್ಯ ಇಲ್ಲಿ ಮೂವತ್ತೆಂಟು ವರ್ಷ ರೇಡಿಯೊ ರಿಪೇರಿ ಮಾಡಿದವರು. ಗಂಡಸಿ, ಹಗರೆಯಂಥ ಊರುಗಳಿಂದ ಜನ ರೇಡಿಯೊವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಏಕಾಂತಯ್ಯನವರದು ಒಂದು ಕಟ್ಟಳೆ: ರಿಪೇರಿಯಾದ ರೇಡಿಯೊ ಒಂದು ಹಾಡು ಪೂರ್ತಿ ಹಾಡದೆ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಬಸ್ಸು ಹೋದರೂ ಸರಿಯೇ. ಹಾಡು ಮುಗಿಯುವವರೆಗೆ ಗಿರಾಕಿ ಬೆಂಚಿನ ಮೇಲೆ, ದಾರಿಹೋಕರು ಮೆಟ್ಟಿಲ ಮೇಲೆ, ಎದುರಿನ ಹೋಟೆಲಿನಿಂದ ಅರ್ಧರ್ಧ ಕಾಫಿ.

“ನಾನು ಶಾಲೆಯಿಂದ ಬಂದು ಆ ಮೂಲೇಲಿ ಕೂತು ಹೋಂವರ್ಕ್ ಮಾಡ್ತಿದ್ದೆ. ಬೆಸುಗೆ ಹಾಕೋ ಮೇಣದ ವಾಸನೆ ಮೂಗಿಗೆ ಬಂದ್ರೆ ಇವತ್ತಿಗೂ ಅಪ್ಪ ಇಲ್ಲೇ ಎಲ್ಲೋ ಇದ್ದಾರೆ ಅನ್ಸುತ್ತೆ. ಆ ದಿನ ಇನ್ನು ಬರಲ್ಲ ಬಿಡಿ” ಎನ್ನುವಾಗ ಹೇಮಲತಾರ ಕಣ್ಣು ತುಂಬಿಕೊಳ್ಳುತ್ತದೆ. ಅವರೇನೂ ಮುಚ್ಚಿಡುವುದಿಲ್ಲ, ಸೆರಗಿನಲ್ಲಿ ಒರೆಸಿಕೊಂಡು ಸ್ಕ್ರೂಡ್ರೈವರ್ ಹಿಡಿಯುತ್ತಾರೆ.

ರೇಡಿಯೊ ಕಾಲ ಮುಗಿಯಿತು. ತಂದೆ ಹೋದರು. ಅಂಗಡಿ ಮುಚ್ಚುವ ಮಾತು ಬಂದಾಗಲೇ ಒಂದು ಶಾಲೆಯ ಕಂಪ್ಯೂಟರ್ ಕೋಣೆ ಮಳೆಗೆ ಸೋರಿ ಎಂಟು ಯಂತ್ರ ನೆಂದವು. ಗುಜರಿಗೆ ಹೊರಟಿದ್ದವನ್ನು ಹೇಮಲತಾ ಕೇಳಿ ಪಡೆದು, ಬಿಚ್ಚಿ, ತೊಳೆದು, ಒಣಗಿಸಿದರು. ಆರು ಎದ್ದು ಕೂತವು. ಆಮೇಲೆ ಕೊರೊನಾ ಬಂತು, ಮನೆಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಬಂತು. ಮಜ್ಜಿಗೆ, ಹುಳಿ, ಕಾಫಿ, ಒಂದು ಸಲ ಪಾಯಸ ಕೂಡ. ಈಗ ದಿನಕ್ಕೆ ಎರಡೋ ಮೂರೋ ಬರುತ್ತವೆ, ಮಳೆಗಾಲದಲ್ಲಿ ಐದು. ಹತ್ತರಲ್ಲಿ ಏಳು ಬದುಕುತ್ತವೆ.

ಉಳಿದ ಮೂರು ಸಾಯುವುದು ನೀರಿನಿಂದಲ್ಲ, ಅವಸರದಿಂದ ಎಂಬುದು ಅವರ ವಾದ. ಒಬ್ಬರು ರಾಗಿ ಚೀಲದಲ್ಲಿ ಹೂತಿಡುತ್ತಾರೆ, ಫ್ಯಾನಿನೊಳಗೆಲ್ಲ ರಾಗಿ. ಇನ್ನೊಬ್ಬರು ಒಲೆಯ ಪಕ್ಕ ಇಡುತ್ತಾರೆ, ಕೀಲಿಗಳೆಲ್ಲ ಹಪ್ಪಳದಂತೆ ಸುರುಟಿಕೊಂಡಿರುತ್ತವೆ. “ಬಿದ್ದ ತಕ್ಷಣ ಕರೆಂಟು ಕಿತ್ತಾಕಿ, ಆಫ್ ಮಾಡಿ, ಬ್ಯಾಟರಿ ಬಿಚ್ಚೋ ಹಾಗಿದ್ರೆ ಬಿಚ್ಚಿ. ಮಕಾಡೆ ಹಾಕಿ. ನೀವು ಮಾಡಬೇಕಾದ್ದು ಅಷ್ಟೇ ಕಣ್ರೀ, ಮಿಕ್ಕಿದ್ದೆಲ್ಲ ಮಾಡಬಾರದ್ದು!”

ಶುರುವಿನಲ್ಲಿ ಜನ ಒಳಗೆ ಬಂದವರೇ “ಯಜಮಾನ್ರು ಇಲ್ವಾ?” ಎನ್ನುತ್ತಿದ್ದರು. “ನಾನೇ ಕಣ್ರೀ ಯಜಮಾನಿ” ಎಂದರೆ ಅರ್ಧ ಜನ ಹಿಂದಕ್ಕೆ. ಲ್ಯಾಪ್‌ಟಾಪಿನ ಬೋರ್ಡನ್ನು ನೀರಿನಲ್ಲಿ ತೊಳೆಯುತ್ತಾಳಂತೆ, ತಲೆ ಕೆಟ್ಟಿದೆ ಎಂದು ಆಡಿಕೊಂಡವರೂ ಉಂಟು. ತೊಳೆಯುವುದು ನಿಜ. ಆದರೆ ನಲ್ಲಿ ನೀರಲ್ಲ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಎಳನೀರಿನ ಸಿಹಿ, ಉಪ್ಪು ಸ್ಪಿರಿಟ್ಟಿಗೆ ಬಗ್ಗುವುದಿಲ್ಲ, ನೀರಿಗೇ ಕರಗಬೇಕು. ಆಮೇಲೆ ಸ್ಪಿರಿಟ್ಟು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಕಿಟಕಿ ಪೂರ್ತಿ ತೆರೆದು.

ಗುರುವಾರದ ಈ ಬೆಳಿಗ್ಗೆ ಹೇಮಲತಾ ಬೋರ್ಡನ್ನು ಪಕ್ಕಕ್ಕಿಡುತ್ತಾರೆ. ಕರೆಂಟು ಹರಿದ ಜಾಗವೆಲ್ಲ ಹಸಿರು ಪಾಚಿಯಂತೆ ಕಿಲುಬು ಹಿಡಿದಿದೆ. ಅದು ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಾಗಿದೆ. ಹಾಡುಗಳಿರುವುದು ಹಾರ್ಡ್‌ಡಿಸ್ಕಿನಲ್ಲಿ. ಅದರ ಕೆಳಗೆ ಅಂಗೈಯಗಲದ ಪುಟ್ಟ ಹಸಿರು ಬೋರ್ಡು, ಅಲ್ಲಿಗೂ ಎಳನೀರು ಇಳಿದಿದೆ. ಡಿಸ್ಕಿನ ಹೊಟ್ಟೆಯನ್ನು ಮಾತ್ರ ಅವರು ಬಿಚ್ಚುವುದಿಲ್ಲ. “ಒಂದು ಧೂಳಿನ ಕಣ ಒಳಗೆ ಹೋದ್ರೂ ಬಸಮ್ಮನ ಹಾಡು ಮುಗೀತು” ಎನ್ನುತ್ತಾ ಪುಟ್ಟ ಬೋರ್ಡನ್ನಷ್ಟೇ ಬೇರ್ಪಡಿಸುತ್ತಾರೆ. ತೊಳೆಯುತ್ತಾರೆ, ಉಜ್ಜುತ್ತಾರೆ. ಡಿಸ್ಕಿಗೆ ತಾಗುವ ಬಿಂದುಗಳು ಕಪ್ಪಾಗಿವೆ. ಅವುಗಳ ಮೇಲೆ ಶಾಲಾ ಮಕ್ಕಳ ಪೆನ್ಸಿಲ್ ರಬ್ಬರನ್ನು ಮೆಲ್ಲಗೆ ಆಡಿಸುತ್ತಾರೆ. ಒಂದೊಂದೇ ಹೊಳೆಯುತ್ತದೆ.

ಇನ್ನು ಒಣಗಿಸುವುದು. ಅದಕ್ಕೆ ಅಂಗಡಿಯಲ್ಲೊಂದು ಪೆಟ್ಟಿಗೆಯಿದೆ. ಏಕಾಂತಯ್ಯ ಹಳೇ ರೇಡಿಯೊ ಒಂದರ ಹೊಟ್ಟೆ ಖಾಲಿ ಮಾಡಿ, ಒಳಗೆ ನಲವತ್ತು ವ್ಯಾಟಿನ ಬಲ್ಬು ಕೂರಿಸಿ ಮಾಡಿದ್ದು. ನೆಂದ ರೇಡಿಯೊಗಳ ತಂತಿ ಸುತ್ತಿದ ಕಾಯಿಲ್ ಅದರ ಹದವಾದ ಬಿಸಿಯಲ್ಲಿ ಒಣಗುತ್ತಿತ್ತು. ಈಗ ಹೇಮಲತಾ ಒಂದು ಥರ್ಮಾಮೀಟರ್ ಸೇರಿಸಿದ್ದಾರೆ. ಸ್ಪಿರಿಟ್ಟಿನ ವಾಸನೆ ಪೂರ್ತಿ ಹೋಗುವವರೆಗೆ ಬಲ್ಬಿನ ಹತ್ತಿರ ಸುಳಿಯುವಂತಿಲ್ಲ, ಬೆಂಕಿ ಹತ್ತೀತು. ಗಂಟೆ ಒಂಬತ್ತಾದ ಮೇಲೆ ಪುಟ್ಟ ಬೋರ್ಡನ್ನು ಒಳಗಿಟ್ಟು ಸ್ವಿಚ್ ಒತ್ತುತ್ತಾರೆ. ಪೆಟ್ಟಿಗೆಯ ಮುಂದಿನ ಗಾಜು ಬೆಳಗುತ್ತದೆ. ದೆಹಲಿ, ಕೊಲಂಬೊ, ಹೈದರಾಬಾದ್ ಎಂಬ ಸ್ಟೇಷನ್ನುಗಳ ಹೆಸರುಗಳು ಹಳದಿ ಬೆಳಕಿನಲ್ಲಿ ಎದ್ದು ಕಾಣುತ್ತವೆ, ಏಕಾಂತಯ್ಯ ಈಗ ತಾನೇ ರೇಡಿಯೊ ಹಚ್ಚಿ ಕಾಫಿಗೆ ಹೋಗಿದ್ದಾರೇನೋ ಎಂಬಂತೆ.

“ಈ ಬಲ್ಬೇ ಈಗ ಸಿಗಲ್ಲ. ಎಲ್ಲಿ ಕೇಳಿದ್ರೂ ಎಲ್‌ಇಡಿ ಕೊಡ್ತಾರೆ. ಅದರಲ್ಲಿ ಬೆಳಕಿದೆ, ಬಿಸಿ ಇಲ್ಲ. ಬೇರೆ ಮಿಷಿನ್ ಸಿಗುತ್ತೆ, ಗೊತ್ತು. ಆದ್ರೆ ಅಪ್ಪನ ಪೆಟ್ಟಿಗೆ ಕತ್ತಲಾಗೋದು ನನಗೆ ಇಷ್ಟ ಇಲ್ಲ. ನನ್ನ ಹತ್ರ ಉಳಿದಿರೋ ಬಲ್ಬು ಇದೊಂದೇ.”

ಒಂದು ಹಗಲು, ಒಂದು ರಾತ್ರಿ ಪೆಟ್ಟಿಗೆ ಬೆಳಗುತ್ತದೆ. ಶುಕ್ರವಾರ ಬೆಳಿಗ್ಗೆ ಮತ್ತೆ ಬಳೆಗಳು ಮೊಳೆಗೆ. ಪುಟ್ಟ ಬೋರ್ಡನ್ನು ಡಿಸ್ಕಿಗೆ ಜೋಡಿಸಿ, ತಮ್ಮ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ, ಕಿವಿ ಹತ್ತಿರ ತರುತ್ತಾರೆ. ಮೊದಲು ಏನೂ ಇಲ್ಲ. ಆಮೇಲೆ ಒಳಗೇನೋ ಮೆಲ್ಲಗೆ ತಿರುಗುವ ಸದ್ದು. ಪರದೆಯ ಮೇಲೆ ಒಂದು ಫೋಲ್ಡರ್ ಕಾಣಿಸಿಕೊಳ್ಳುತ್ತದೆ, ಹೆಸರು ‘ಅಜ್ಜಿ’. ಹೇಮಲತಾ ಅದನ್ನು ತೆರೆದು ನೋಡುವ ಮೊದಲು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾರೆ. ಹನ್ನೊಂದಕ್ಕೆ ಹನ್ನೊಂದೂ ಬಂದ ಮೇಲೆಯೇ ಕುರ್ಚಿಗೆ ಒರಗುತ್ತಾರೆ.

ಎಂಟು ಗಂಟೆಗೆ ಕುಮಾರಸ್ವಾಮಿ ಬಂದರು, ಜೊತೆಗೆ ಬಸಮ್ಮನೂ. ಮನೆಯಲ್ಲಿ ಇರು ಎಂದರೂ ಕೇಳಲಿಲ್ಲವಂತೆ.

“ಲ್ಯಾಪ್‌ಟಾಪ್ ಉಳೀಲಿಲ್ಲ ಅಣ್ಣಾ. ಹಾಡು ಎಲ್ಲಾ ಉಳೀತು.”

ಕುಮಾರಸ್ವಾಮಿ ಪೆನ್‌ಡ್ರೈವ್‌ಗಳನ್ನು ಜೇಬಿಗೆ ಹಾಕಿಕೊಂಡು ಎದ್ದೇಬಿಟ್ಟರು. “ಬತ್ತೀನಿ ತಾಯಿ, ಚಪ್ಪರದ ಗಳ ಇನ್ನೂ ಬಂದಿಲ್ಲ, ಬಸ್ಸಿಗೆ ಹೊತ್ತಾಯ್ತು...”

“ಕೂತ್ಕೊಳ್ಳಿ” ಎಂದರು ಹೇಮಲತಾ. “ಒಂದು ಹಾಡು ಪೂರ್ತಿ ಆಗದೆ ಇಲ್ಲಿಂದ ಯಾರೂ ಹೋಗೋ ಹಾಗಿಲ್ಲ. ಇದು ನಮ್ಮಪ್ಪನ ಅಂಗಡಿ.”

ಹೆಣ್ಣು ಒಪ್ಪಿಸುವ ಹಾಡು ಶುರುವಾಯಿತು. ಬಸಮ್ಮನ ದನಿ, ಕಂಚಿನಂಥ ದನಿ, ಗಲ್ಲಿಗೆಲ್ಲ ಕೇಳಿಸಿತು. ಹಾಲಿನವನು ಸೈಕಲ್ ನಿಲ್ಲಿಸಿದ. ಎದುರಿನ ಹೋಟೆಲಿನಿಂದ ಇಬ್ಬರು ಲೋಟ ಹಿಡಿದೇ ಬಂದರು. ಪೆಟ್ಟಿಗೆಯ ಗಾಜು ಇನ್ನೂ ಬೆಳಗುತ್ತಿತ್ತು. ಹಾಲಿನವನು ಅದನ್ನು ನೋಡಿ, “ಯಾವ ಸ್ಟೇಷನ್ನಮ್ಮ ಇದು?” ಎಂದ.

“ಜಾವಗಲ್ ಸ್ಟೇಷನ್” ಎಂದು ಹೇಮಲತಾ ಬೆಂಚಿನ ಕಡೆ ಕೈ ತೋರಿಸಿದರು.

ಹಾಡಿನ ನಡುವೆ ಒಂದು ಕಡೆ ಬಸಮ್ಮ ತಡವರಿಸಿ, “ಅಯ್ಯೋ, ಮರ್ತೇ ಹೋಯ್ತಲ್ಲೇ!” ಎಂದು ಗಹಗಹಿಸಿ ನಗುವುದೂ ರೆಕಾರ್ಡ್ ಆಗಿತ್ತು. ಗಾನವಿ ನಗುತ್ತಾ ಮುಂದಿನ ಸಾಲು ಎತ್ತಿಕೊಡುವುದೂ ಇತ್ತು. ಬೆಂಚಿನ ಮೇಲಿನ ಬಸಮ್ಮ ಅಷ್ಟು ಹೊತ್ತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತಮ್ಮ ನಗು ಕೇಳಿದ್ದೇ ತಾವೂ ನಕ್ಕರು, ಸದ್ದಿಲ್ಲದೆ, ಹೆಗಲು ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಯುವವರೆಗೆ. ಕುಮಾರಸ್ವಾಮಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಬಸ್ಸು ಹೋಯಿತು. ಹೋಗಲಿ ಬಿಡಿ, ಏಕಾಂತಯ್ಯನವರ ಕಾಲದಲ್ಲೂ ಎಷ್ಟು ಬಸ್ಸು ಹೋಗಿಲ್ಲ!

ಹೊರಡುವ ಮುಂಚೆ ಕುಮಾರಸ್ವಾಮಿ ಪೆಟ್ಟಿಗೆಯ ಮುಂದೆ ನಿಂತು ಅದೇನು ಎಂದು ಕೇಳಿದರು. ಹೇಮಲತಾ ಬಲ್ಬಿನ ಕತೆ ಹೇಳಿದರು. ಅವರು ಹೂಂ ಎಂದಷ್ಟೇ ಅಂದು ತಾಯಿಯ ಕೈ ಹಿಡಿದು ಇಳಿದು ಹೋದರು.

ಮದುವೆಯಾದ ಮಾರನೆಯ ದಿನ ಜಾವಗಲ್ ಬಸ್ಸಿನ ಕಂಡಕ್ಟರ್ ಒಂದು ಗಂಟು ತಂದುಕೊಟ್ಟ. ಎಲೆ ಅಡಿಕೆ, ಲಾಡು, ನಾಲ್ಕು ಉಂಡೆ ಕೊಬ್ಬರಿ. ಅವುಗಳ ನಡುವೆ ಹಳೇ ಟವೆಲಿನಲ್ಲಿ ಸುತ್ತಿದ್ದ ಒಂದು ಬಲ್ಬು, ಹೊಗೆ ಹಿಡಿದು ಕಂದಾಗಿದೆ. ಕೊಬ್ಬರಿ ಅಟ್ಟದಲ್ಲಿ ಯಾವ ಕಾಲದಿಂದಲೋ ಉರಿಯುತ್ತಿದ್ದದ್ದು. ಜೊತೆಗೆ ಗಾನವಿಯ ಕೈಬರಹದ ಚೀಟಿ: ‘ಅಟ್ಟಕ್ಕೆ ಎಲ್‌ಇಡಿ ಹಾಕಿದ್ದೇವೆ. ಅಜ್ಜಿಯೇ ಕೈಸನ್ನೆ ಮಾಡಿ ಕಳಿಸಲು ಹೇಳಿದ್ದು.’

ಹೇಮಲತಾ ಒಣ ಬಟ್ಟೆಯಲ್ಲಿ ಮಸಿ ಒರೆಸುತ್ತಾರೆ. ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಒತ್ತುತ್ತಾರೆ. ದೆಹಲಿ, ಕೊಲಂಬೊ, ಹೈದರಾಬಾದ್ ಬೆಳಗುತ್ತವೆ. ಅಷ್ಟು ನೋಡಿ ಬಿಚ್ಚಿ, ಮತ್ತೆ ಟವೆಲಿನಲ್ಲಿ ಸುತ್ತಿ, ತಂದೆ ಕೂರುತ್ತಿದ್ದ ಕುರ್ಚಿಯ ಮೇಲಿನ ಗೂಡಿನಲ್ಲಿ ಇಡುತ್ತಾರೆ.

“ಇದನ್ನ ಈಗಲೇ ಉರಿಸಲ್ಲ” ಎನ್ನುತ್ತಾರೆ. “ಇನ್ಯಾರದ್ದಾದ್ರೂ ಹಾಡು ನೆನೆದಾಗ ಬೇಕಾಗುತ್ತೆ.”